ನಮ್ಮ ಅಕ್ಕ ಉಪವಾಸ ಮಾಡಿದ್ದು

ನಮ್ಮ ಅಕ್ಕನಷ್ಟು ತಿನ್ನುವ ಹೆಂಗಸನ್ನು ಪುಣೆಯ ಪೇಟೆಗಳು ಅವಳಿಗಿಂತ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಇದನ್ನು ಬೆನ್ನ ಹಿಂದೆ ಹೇಳುತ್ತಿದ್ದೇನೆ ಎಂದು ಯಾರೂ ಮೂಗು ಮುರಿಯಬೇಡಿ. ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಆಗೆಲ್ಲ ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿ, "ಇನ್ನಷ್ಟು ಜೋರಾಗಿ ಹೇಳು ತಮ್ಮಾ, ಮ್ಯಾಲಿನ ಮನಿಯವರಿಗೆ ಕೇಳಿಸಿಲ್ಲ" ಎನ್ನುತ್ತಿದ್ದಳು.

ನಾನಾದರೋ ಬೇರೆ ಅಚ್ಚಿನ ಮನುಷ್ಯ. ಬಿಜಾಪುರದ ಬೋರ್ಡಿಂಗೊಂದರಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಬೆಳೆದವನು. ಆಮೇಲೆ ಪುಣೆಗೆ ಬಂದು ಭೋಸರಿಯ ಕಾರ್ಖಾನೆಯೊಂದರ ಟೈಂ ಆಫೀಸಿನಲ್ಲಿ ಕೆಲಸ. ಕಾರ್ಮಿಕರು ಬಂದ ಹೊತ್ತು, ಹೋದ ಹೊತ್ತು ಅವರವರ ಕಾರ್ಡಿನ ಮೇಲೆ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡುವುದು. ಮನೆಯಲ್ಲೂ ಅದೇ ಶಿಸ್ತು. ಚಹಕ್ಕೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು. ನಡುವೆ ಅಡುಗೆಮನೆಗೆ ಬೀಗ ಹಾಕಿದರೂ ನನ್ನದೇನೂ ಅಭ್ಯಂತರವಿಲ್ಲ. ಗಡಿಯಾರ ಇರುವುದು ಗೋಡೆಯ ಅಲಂಕಾರಕ್ಕಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ನಗುವವರು ನಗಲಿ!

ಇಂಥ ಮನೆಗೆ ಅಕ್ಕ ಬಂದಳು. ಹತ್ತೊಂಬತ್ತನೆಯ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಬಾಗಲಕೋಟೆ ಕಡೆಯ ಅತ್ತೆಮನೆಯಲ್ಲಿ ಒಪ್ಪತ್ತು, ಏಕಾದಶಿ, ಚಾತುರ್ಮಾಸ್ಯ ಎಂದು ಅತ್ತೆ ಹೇಳಿದ ವ್ರತಗಳನ್ನೆಲ್ಲ ವರ್ಷಗಟ್ಟಲೆ ಮಾಡಿದಳು. ವಿಧವೆ ಸೊಸೆ ಎಷ್ಟು ಕಡಿಮೆ ಉಂಡರೆ ಮನೆತನಕ್ಕೆ ಅಷ್ಟು ಪುಣ್ಯವೆಂದು ಆ ಮನೆಯವರ ತಿಳಿವಳಿಕೆ. ಒಂದು ದಿನ ಟ್ರಂಕು ಎತ್ತಿಕೊಂಡು ಪುಣೆಯ ಬಸ್ಸು ಹತ್ತಿದಳು. ನಮ್ಮ ಹೊಸ್ತಿಲಲ್ಲಿ ನಿಂತು ಅಳಲಿಲ್ಲ, ಕಥೆ ಹೇಳಲಿಲ್ಲ. ಟ್ರಂಕು ಕೆಳಗಿಟ್ಟು ಕೇಳಿದ ಮೊದಲ ಮಾತು, "ತಮ್ಮಾ, ಒಳಗ ತಿನ್ನಲಿಕ್ಕೆ ಏನದ?"

ಎರಡನೆಯ ಮಾತು ಆಡಿದ್ದು ಬುಟ್ಟಿಯ ರೊಟ್ಟಿ ಮುಗಿದ ಮೇಲೆ. "ಇನ್ನ ಈ ಜನ್ಮದಾಗ ನಾ ಉಪವಾಸ ಮಾಡಂಗಿಲ್ಲ. ನಿನ್ನ ಮನ್ಯಾಗ ನಡೀತದೇನು ನೋಡು."

ನಡೆಯುತ್ತದೆ ಎಂದೆ. ಎಷ್ಟು ನಡೆಸಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನನ್ನ ಹೆಂಡತಿ ಮೊದಮೊದಲು ಅವಲಕ್ಕಿ ಚೂಡಾದ ಡಬ್ಬಿಯನ್ನು ಮೇಲಿನ ಹಲಗೆಯ ಮೇಲೆ ಇಟ್ಟು ನೋಡಿದಳು. ಆಮೇಲೆ ಹಾಸಿಗೆಯ ಗಂಟಿನಲ್ಲಿ ಮುಚ್ಚಿಟ್ಟಳು. ಕಡೆಗೆ ಸೋತು, ಪೇಟೆಗೆ ಹೋಗಿ ಇನ್ನೂ ದೊಡ್ಡ ಡಬ್ಬಿ ತಂದಳು. ನನ್ನ ಗಡಿಯಾರ ಗೋಡೆಯ ಮೇಲೆ ತನ್ನಷ್ಟಕ್ಕೆ ನಡೆಯುತ್ತಿತ್ತು. ಅಕ್ಕನ ದವಡೆ ಕೆಳಗೆ ತನ್ನಷ್ಟಕ್ಕೆ ನಡೆಯುತ್ತಿತ್ತು.

ನಾವಿದ್ದದ್ದು ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳಿದ್ದ ಹಳೆಯ ವಾಡೆ. ಒಂದು ಆಷಾಢ ಏಕಾದಶಿ. ವಾಡೆಗೆ ವಾಡೆಯೇ ಉಪವಾಸ. ಅಂಥ ದಿನ ಅಕ್ಕ ಉಳ್ಳಾಗಡ್ಡಿ ಭಜಿ ಕರಿಯಲು ಕುಳಿತಳು! ವಾಸನೆ ಅಂಗಳದಲ್ಲಿ ನಿಂತು, ಒಂದೊಂದೇ ಮನೆಯ ಬಾಗಿಲು ತಟ್ಟಿತು. ಮೇಲಿನ ಮನೆಯಾಕೆ ಕಟಕಟೆಯಿಂದ ಬಗ್ಗಿ ಮರಾಠಿಯಲ್ಲಿ ಇವತ್ತು ಏಕಾದಶಿ ಎಂದು ನೆನಪು ಮಾಡಿದರು. ಅಕ್ಕ ಜಾಲರಿ ಸೌಟು ಕೆಳಗಿಡದೆ, "ಏಕಾದಶೀ ದೇವಾಲಾ, ಭಜೀ ಮಲಾ" ಎಂದಳು. ಏಕಾದಶಿ ದೇವರಿಗಂತೆ, ಭಜಿ ತನಗಂತೆ! ಆಕೆ ರಾಮ ರಾಮ ಎನ್ನುತ್ತ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಕೆಯ ಯಜಮಾನರು ತಟ್ಟೆ ಹಿಡಿದುಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದರು.

ನಮ್ಮ ಮನೆಯ ಪೂಜೆ ಪುನಸ್ಕಾರಕ್ಕೆ ಬರುತ್ತಿದ್ದ ಆಚಾರ್ಯರು ಒಮ್ಮೆ ಅವಳಿಗೆ ಬುದ್ಧಿ ಹೇಳಲು ಹೋದರು. ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಉಳ್ಳಾಗಡ್ಡಿ ಯಾಕೆ ಎಂಬುದು ಅವರ ಕಳಕಳಿ. ಅಕ್ಕ ಸೆರಗು ಸರಿಮಾಡಿಕೊಂಡು ಕೇಳಿದಳು:

"ನಮ್ಮ ಮನಿದೇವ್ರು ಯಾರ್ರಿ, ಆಚಾರ್ಯರ?"

"ಜೇಜುರಿ ಖಂಡೋಬಾ."

"ಚಂಪಾಷಷ್ಠಿ ದಿನಾ ಅವಗ ಏನು ನೈವೇದ್ಯ?"

ಆಚಾರ್ಯರು ಪಂಚಾಂಗ ತೆರೆದು ನೋಡತೊಡಗಿದರು. ಅದರಲ್ಲಿ ನೋಡುವುದೇನಿದೆ? ಬದನೆಕಾಯಿ ಸುಟ್ಟು ಮಾಡಿದ ಭರತ ಮತ್ತು ಉಳ್ಳಾಗಡ್ಡಿ ಎಂಬುದು ಜೇಜುರಿಯ ದಾರಿಯಲ್ಲಿ ಕುರಿ ಕಾಯುವವರಿಗೂ ಗೊತ್ತು. "ದೇವ್ರು ತಿಂದ್ರ ಪ್ರಸಾದ, ನಾ ತಿಂದ್ರ ವಾಸನಿ ಏನ್ರಿ?" ಎಂದಳು. ಅಂದಿನಿಂದ ಆಚಾರ್ಯರು ಅವಳ ಊಟದ ವಿಷಯಕ್ಕೆ ಬರಲಿಲ್ಲ.

ಇಷ್ಟೆಲ್ಲ ಹೇಳುತ್ತಿರುವುದು ಅಕ್ಕನ ಹೊಟ್ಟೆಯ ವಿಸ್ತಾರ ಅಳೆದು ತೋರಿಸಲಿಕ್ಕಲ್ಲ. ಅವಳು ಒಮ್ಮೆ ಉಪವಾಸ ಮಾಡಿದಳು. ಹೌದು, ನಮ್ಮ ಅಕ್ಕ! ಅದು ಯಾಕೆ ಎಂಬುದೇ ಸಂಗತಿ.

ನನ್ನ ಮಗಳು ಶುಭದಾ ಕಾಲೇಜಿಗೆ ಸೇರಿದ ವರ್ಷ ಸಂಬಂಧಿಕರೊಬ್ಬರ ಮನೆಯಲ್ಲಿ ಮುಂಜಿ. ಆ ವಯಸ್ಸಿನಲ್ಲಿ ಎಲ್ಲ ಹುಡುಗಿಯರಂತೆ ಅವಳೂ ಮೈ ತುಂಬಿಕೊಂಡಿದ್ದಳು. ಪಂಕ್ತಿಯಲ್ಲಿ ಅಕ್ಕ ಮತ್ತು ಅವಳು, ಅಂದರೆ ಅತ್ಯಾ ಮತ್ತು ಸೋದರಸೊಸೆ, ಅಕ್ಕಪಕ್ಕ ಕುಳಿತಿದ್ದರು. ಸೊಲ್ಲಾಪುರದ ನನ್ನ ಚಿಕ್ಕಪ್ಪನ ಮಗ ಹೋಳಿಗೆ ಬಡಿಸುತ್ತ ಬಂದವನು ಇಬ್ಬರನ್ನೂ ನೋಡಿ, "ಥೇಟ್ ಅತ್ಯಾ ಆಗ್ಯಾಳ ನೋಡ್ರಿ ನಮ್ಮ ಶುಭಾ" ಎಂದ. ಪಂಕ್ತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಶುಭದಾ ಎಲೆಯ ಮೇಲಿನ ಹೋಳಿಗೆಯನ್ನು ಬದಿಗೆ ಸರಿಸಿದ್ದನ್ನು ಯಾರು ನೋಡಿದರು?

ಅದಾದ ಮೇಲೆ ಮಗಳಿಗೆ ಭಕ್ತಿ ಬಂತು. ಮೊದಲು ಸೋಮವಾರ ಹಿಡಿದಳು. ಅದರ ಬೆನ್ನಿಗೆ ಗುರುವಾರ ಬಂತು, ಶನಿವಾರ ಬಂತು, ಸಂಕಷ್ಟಿ, ಏಕಾದಶಿ ಎಲ್ಲ ಬಂದವು. ನನ್ನ ಹೆಂಡತಿ ಹಿಗ್ಗಿದಳು. ವಾಡೆಯ ಹೆಂಗಸರು ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಶುಭದಾಳನ್ನು ತೋರಿಸಿ ಬೈಯತೊಡಗಿದರು. ನಾನೂ ಹಿಗ್ಗಿದೆ. ವಾರ ತಪ್ಪದೆ, ತಿಥಿ ತಪ್ಪದೆ ನಡೆಯುವ ಮಗಳನ್ನು ಕಂಡು ಯಾವ ಟೈಂ ಆಫೀಸಿನವನು ಹಿಗ್ಗುವುದಿಲ್ಲ ಹೇಳಿ?

ಮೊದಲು ಅನುಮಾನಪಟ್ಟವಳು ಅಕ್ಕ. ಅದೂ ಹೇಗೆ? ಸಾಬುದಾಣಿ ಖಿಚಡಿಯಿಂದ! ಪುಣೆಯಲ್ಲಿ ಉಪವಾಸವೆಂದರೆ ಏನೆಂದು ಇಲ್ಲಿ ಇದ್ದವರಿಗೆ ಗೊತ್ತು. ತುಪ್ಪ, ಶೇಂಗಾ, ಬಟಾಟೆ ಹಾಕಿದ ಖಿಚಡಿ, ಮೇಲೆ ಮೊಸರು, ಅದರ ಮೇಲೆ ರಾಜಗಿರಿ ಉಂಡೆ. ಉಪವಾಸ ಮುಗಿಯುವ ಹೊತ್ತಿಗೆ ಸೊಂಟದ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಬೇಕು. ನಮ್ಮ ಶುಭದಾ ಅದನ್ನೂ ಮುಟ್ಟುತ್ತಿರಲಿಲ್ಲ. ನೀರಿಗೆ ಲಿಂಬೆಹಣ್ಣು ಹಿಂಡಿಕೊಂಡು ಕುಡಿದು, ಕಪಾಟಿನ ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ನೋಡಿಕೊಳ್ಳುತ್ತಿದ್ದಳು.

"ಖಿಚಡಿ ಬ್ಯಾಡ ಅನ್ನೋ ಉಪವಾಸ ನಾ ಈ ಊರಾಗ ನೋಡಿಲ್ಲ" ಎಂದಳು ಅಕ್ಕ. ನಾನು ನಕ್ಕುಬಿಟ್ಟೆ. ನಿನಗೆ ಬೇರೆಯವರ ಉಪವಾಸವನ್ನೂ ಸಹಿಸಲಾಗುವುದಿಲ್ಲ ಎಂದೆ.

ಆ ಚಳಿಗಾಲ ಎಲ್ಲರೂ ಜೇಜುರಿಗೆ ಹೋದೆವು. ಅಕ್ಕನದು ಯಾವಾಗಲೂ ಒಂದೇ ಪದ್ಧತಿ: ಮೆಟ್ಟಿಲು ಹತ್ತುವ ಮೊದಲೇ ಬುತ್ತಿ ಬಿಚ್ಚುವುದು. ಅವಳನ್ನು ಕೆಳಗೇ ಬಿಟ್ಟು ನಾವು ಹತ್ತಿದೆವು. ಶುಭದಾ ಅಂದೂ ಉಪವಾಸ. ನಡುವಿನ ಕಮಾನಿನ ಹತ್ತಿರ ಅವಳು ಗೋಡೆ ಹಿಡಿದುಕೊಂಡಳು. ನೋಡುನೋಡುತ್ತ ಕುಸಿದು ಬಿದ್ದಳು. ಜನ ಸೇರಿದರು. ಭಂಡಾರದ ಅರಿಶಿನದಲ್ಲಿ ಹಳದಿಯಾಗಿದ್ದ ನಮ್ಮ ಕಡೆಯ ಮುದುಕರೊಬ್ಬರು ಕೈಮುಗಿದು, ಭಾಳ ಭಕ್ತಿವಂತ ಹುಡುಗಿ ಎಂದರು. ನನ್ನ ಹೆಂಡತಿಯೂ ದೇವರು ಮೈಮೇಲೆ ಬಂದನೇನೋ ಎಂದು ಕೈ ಜೋಡಿಸಿದಳು.

ಅಷ್ಟರಲ್ಲಿ ಕೆಳಗೆ ಸುದ್ದಿ ಮುಟ್ಟಿ ಅಕ್ಕ ಬಂದಳು. ಆ ದೇಹ ಹೊತ್ತು, ಆ ಮೆಟ್ಟಿಲುಗಳನ್ನು, ಓಡುತ್ತ! ಜನರನ್ನು ಮೊಣಕೈಯಿಂದ ಸರಿಸಿ, ಕೆಳಗೆ ಕುಳಿತು, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬುತ್ತಿಯ ಬೆಲ್ಲವನ್ನು ತುಟಿಗೆ ಉಜ್ಜಿದಳು. ಶುಭದಾಳ ಕೈಯ ಬಳೆ ಮೊಣಕೈವರೆಗೆ ಜಾರಿ ಹೋಗಿದ್ದು ನನಗೆ ಆಗ ಕಂಡಿತು.

"ಇದು ಭಕ್ತಿ ಅಲ್ಲ, ತಮ್ಮಾ" ಎಂದಳು. "ಹಸಿವಿ. ನನಗ ಗುರುತದ."

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದಳು, ಬೇಡಿಕೊಂಡಳು, ಕಡೆಗೆ ಬೈದಳು. ಶುಭದಾ ಗೋಡೆಗೆ ಮುಖ ಮಾಡಿ, "ನಾ ಅತ್ಯಾನ ಹಂಗ ಆಗಂಗಿಲ್ಲ. ಸತ್ತರೂ ಆಗಂಗಿಲ್ಲ" ಎಂದಳು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಚೂಡಾದ ಬಟ್ಟಲು. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. ಬಟ್ಟಲನ್ನು ನಿಧಾನವಾಗಿ ಕಪಾಟಿನ ಮೇಲಿಟ್ಟಳು.

"ಹೌದೇನವಾ? ಆತು. ನೀ ನನ್ಹಂಗ ಆಗಬ್ಯಾಡ. ನಾನೇ ನಿನ್ಹಂಗ ಆಗತೀನಿ."

ಮರುದಿನದಿಂದ ಶುರು. ಶುಭದಾ ಉಪವಾಸ ಮಾಡಿದ ದಿನ ಅಕ್ಕನೂ ಉಪವಾಸ. ಶುಭದಾ ಅರ್ಧ ರೊಟ್ಟಿ ಬಿಟ್ಟರೆ ಅಕ್ಕನೂ ಅರ್ಧ ರೊಟ್ಟಿ ಬಿಟ್ಟೇಳುವಳು. ಅವಳು ಲಿಂಬೆ ನೀರು ಕುಡಿದರೆ ಇವಳಿಗೂ ಒಂದು ಲೋಟ. ಒಂದು ಉಪದೇಶವಿಲ್ಲ, ಒಂದು ಗದರಿಕೆಯಿಲ್ಲ. ಎದುರಿಗೆ ಕುಳಿತು, "ಪಲ್ಯಾಕ ನಿಮ್ಮವ್ವ ಶೇಂಗಾ ಪುಡಿ ಜರಾ ಹೆಚ್ಚಿಗಿ ಹಾಕ್ಯಾಳ, ಘಮ್ ಅನ್ನಲಿಕ್ಕತ್ತದ" ಎಂದು ಸುಮ್ಮನೆ ವರದಿ ಒಪ್ಪಿಸುವಳು.

ವಾಡೆ ಗಾಬರಿಯಾಯಿತು. ಮೂಲೆಯಲ್ಲಿ ಖಾರದ ತಿಂಡಿ ಮಾರುವ ಫರಸಾಣ ಅಂಗಡಿಯವನು ಅಂಗಡಿ ಬಿಟ್ಟು ಬಂದು, ಅತ್ಯಾ ಊರಿಗೆ ಹೋಗಿದ್ದಾರೆಯೇ ಎಂದು ವಿಚಾರಿಸಿದ. ಏಕಾದಶಿ ನೆನಪಿಸಿದ್ದ ಮೇಲಿನ ಮನೆಯಾಕೆ ತಾವೇ ಭಜಿ ಕರಿದು ತಂದರು! ಅಕ್ಕ ಅದನ್ನು ಮೂಸಿ ನೋಡಿ, ಸೊಸೆಯ ಮುಖ ನೋಡಿ, ಹಾಗೇ ವಾಪಸು ಕಳಿಸಿದಳು. ಅಕ್ಕ ಭಜಿ ವಾಪಸು ಕಳಿಸಿದ್ದು! ಆ ರಾತ್ರಿ ನನ್ನ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ ಕೇಳಿಸುತ್ತಿತ್ತು. ಅದು ಅಷ್ಟು ಕೆಟ್ಟ ಸದ್ದು ಎಂದು ನನಗೆ ಗೊತ್ತಿರಲಿಲ್ಲ.

ಅವಳ ಕೆನ್ನೆ ಇಳಿಯಿತು. ನಿಂತರೆ ಕಣ್ಣಿಗೆ ಕತ್ತಲೆ ಬರತೊಡಗಿತು. ಈ ಹಟ ಬಿಡು, ಈ ವಯಸ್ಸಿಗೆ ಇದು ತಡೆಯುವುದಿಲ್ಲ ಎಂದು ನಾನು ರೇಗಿದೆ.

"ಹದಿನಾರನೇ ವಯಸ್ಸಿಗೆ ತಡೀತದೇನು?" ಎಂದಳು.

ಒಂದು ಗುರುವಾರ ಸಂಜೆ. ಅಕ್ಕ ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದಳು. ಕಾಲೇಜಿನಿಂದ ಬಂದ ಶುಭದಾ ಚಪ್ಪಲಿಯನ್ನೂ ಕಳೆಯದೆ ನೇರವಾಗಿ ಒಳಗೆ ಬಂದು, ಎಣ್ಣೆ ಹೀರಿದ ಕಾಗದದ ಪೊಟ್ಟಣವನ್ನು ಅವಳ ಮುಂದೆ ಇಟ್ಟಳು. ಗಾಡಿಯವನ ಉಳ್ಳಾಗಡ್ಡಿ ಭಜಿ.

"ತಿನ್ನು, ಅತ್ಯಾ."

"ನೀ?"

"ನೀ ಮೊದಲ ತಿನ್ನು."

"ನಾ ನಿನ್ಹಂಗ ಅಲ್ಲೇನು? ನೀ ಹೆಂಗೋ ನಾ ಹಂಗ."

ಶುಭದಾ ಕೆಳಗೆ ಕುಳಿತಳು. ಒಂದು ಭಜಿ ಎತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಅದರ ತುದಿ ಕಚ್ಚಿದಳು. ಅಕ್ಕನೂ ಒಂದು ಎತ್ತಿಕೊಂಡು, ಅಷ್ಟೇ ತುದಿ ಕಚ್ಚಿದಳು. ಹೀಗೆ ಆ ಒಂದೊಂದು ಭಜಿ ಮುಗಿಯುವ ಹೊತ್ತಿಗೆ ನನ್ನ ಊಟದ ಹೊತ್ತು ಮೀರಿಹೋಗಿತ್ತು.

ಒಂದು ಭಜಿಗೆ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಮುಂದೆ ಬಹಳ ದಿನ ಡಾಕ್ಟರರ ಕಡೆಗೆ ಅಲೆದಾಟವಾಯಿತು. ಎಷ್ಟೋ ಸಲ ಶುಭದಾ ಮತ್ತೆ ತಟ್ಟೆ ಸರಿಸಿದಳು. ಆದರೆ ಆ ಡಾಕ್ಟರಮ್ಮ ಹೇಳಿದ ಔಷಧ ಏನು ಗೊತ್ತೇ? ಹಸಿವೆ ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಊಟ; ಮತ್ತು ಮನೆಯವರ ಜೊತೆ ಕುಳಿತು ಊಟ. ಹೊತ್ತಿಗೆ ಸರಿಯಾಗಿ! ಕೇಳಿದಿರಾ? ನನ್ನ ಇಡೀ ಜೀವಮಾನದ ವಾದ ಅಲ್ಲವೇ ಅದು! ದವಾಖಾನೆಯಿಂದ ಬರುವಾಗ ರಿಕ್ಷಾದಲ್ಲಿ ನಾನು ಎದೆಯುಬ್ಬಿಸಿ ಕುಳಿತಿದ್ದೆ. "ಆತು ಬಿಡು" ಎಂದಳು ಅಕ್ಕ. "ಗಡಿಯಾರ ನಿಂದು, ಬಾಯಿ ನಂದು. ಇಬ್ಬರೂ ಕೂಡಿ ದುಡಿಯೋಣ." ಹಾಗೇ ದುಡಿದೆವು. ನಾನು ಹೊತ್ತು ನೋಡಿ ಕರೆಯುತ್ತಿದ್ದೆ. ಅವಳು ಸೊಸೆಯ ಎದುರಿಗೆ ಕುಳಿತು ತುತ್ತಿಗೆ ತುತ್ತು ಉಣ್ಣುತ್ತಿದ್ದಳು.

ಮುಂದೆ ಶುಭದಾಳ ಮದುವೆಯೂ ಆಯಿತು. ಊರು ಬಿಟ್ಟು ಹೋಗಲಿಲ್ಲ, ಪುಣೆಯಲ್ಲೇ ಮನೆ. ಮದುವೆಯ ಪಂಕ್ತಿಯಲ್ಲಿ ಅದೇ ಸೊಲ್ಲಾಪುರದವನು, ಅದೇ ಹೋಳಿಗೆಯ ಬುಟ್ಟಿ. ಬುದ್ಧಿ ಬರದವರಿಗೆ ಬರುವುದೇ ಇಲ್ಲ! "ಥೇಟ್ ಅತ್ಯಾ ಆಗ್ಯಾಳ ನೋಡ್ರಿ" ಎಂದ ಮತ್ತೆ. ನನ್ನ ಕೈಯ ತುತ್ತು ನಿಂತಿತು. ಶುಭದಾ ತಲೆಯೆತ್ತಿ, "ಹೌದ್ರಿ ಕಾಕಾ. ಹಂಗಾರ ಇನ್ನೊಂದು ಹಾಕ್ರಿ" ಎಂದಳು. ಅವಳ ಪಕ್ಕದಲ್ಲಿದ್ದ ಅಕ್ಕ ಈ ಸಲ ನಗಲಿಲ್ಲ. ತನ್ನ ಎಲೆಯನ್ನೂ ಮುಂದೆ ಸರಿಸಿದಳು.

ಅಕ್ಕ ಹೋದದ್ದು ಅದಾಗಿ ಕೆಲವು ವರ್ಷಕ್ಕೆ, ಒಂದು ಮಧ್ಯಾಹ್ನ, ಊಟ ಮುಗಿಸಿ ಚಹಕ್ಕೆ ಮುಂಚೆ ಒಂದು ನಿದ್ದೆ ಎಂದು ಮಲಗಿದವಳು. ಯಾವ ಊಟವನ್ನೂ ತಪ್ಪಿಸಿಕೊಳ್ಳಲಿಲ್ಲ.

ಮೊದಲ ವರ್ಷದ ಶ್ರಾದ್ಧ. ಮಾಡುವವನು ನಾನು. ವಿಧಿ ಮುಗಿಯುವವರೆಗೆ ಕರ್ತೃ ಏನೂ ಮುಟ್ಟುವಂತಿಲ್ಲ, ನಿಯಮವೆಂದರೆ ನಿಯಮ. ಮಡಿಯುಟ್ಟು ಆಚಾರ್ಯರ ದಾರಿ ಕಾಯುತ್ತಿದ್ದೆ. ಶುಭದಾ ಬೆಳಿಗ್ಗೆಯೇ ಬಂದಿದ್ದಳು. ಬಂದವಳು ಹೊಸ್ತಿಲು ದಾಟಿ ನೇರವಾಗಿ ಅಡುಗೆಮನೆಗೆ ಹೋದಳು, ಡಬ್ಬಿಗಳ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಭರತ, ಮೇಲೆ ಕೈತುಂಬ ಹಸಿ ಉಳ್ಳಾಗಡ್ಡಿ.

ಇವತ್ತು ಉಣ್ಣುವಂತಿಲ್ಲ, ಹೊತ್ತೂ ಆಗಿಲ್ಲ ಎಂದೆ.

ಅವಳು ಎದುರಿಗೇ ಕುಳಿತಳು. "ಅಪ್ಪಾ, ಅತ್ಯಾನ ಹೆಸರಿಲೆ ಉಪವಾಸ ಮಾಡತಿಯೇನು?"

ಗೋಡೆಯ ಗಡಿಯಾರ ನೋಡಿದೆ. ಆಮೇಲೆ ರೊಟ್ಟಿ ಮುರಿದೆ. ಶುಭದಾಳೂ ಅದೇ ತಟ್ಟೆಯಿಂದ ಒಂದು ತುತ್ತು ಮುರಿದುಕೊಂಡಳು. ಅಷ್ಟರಲ್ಲಿ ಆಚಾರ್ಯರು ಬಾಗಿಲಿಗೆ ಬಂದು, ನನ್ನ ಕೈಯಲ್ಲಿದ್ದುದನ್ನು ಕಂಡು, ಹಾಗೇ ನಿಂತುಬಿಟ್ಟರು.

"ಕೂಡ್ರಿ, ಆಚಾರ್ಯರ" ಎಂದೆ. "ನಮ್ಮ ಅಕ್ಕನ ತಿಥಿ ಅದ. ಉಂಡು ಬರತೀನಿ."