ಮೊದಲನೆಯ ಹೆಪ್ಪು ಯಾರ ಮನೆಯದು?

ಕನ್ನಡ ಎಂ.ಎ. ಮಾಡಿದವನು ವಿಜ್ಞಾನವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಿದರೆ ಏನೇನಾಗಬೇಕೋ ಅದೆಲ್ಲ ನನಗೆ ತಪ್ಪದೆ ಆಗುತ್ತಿದೆ. ಕೋಟ್ಯಂತರ ವರ್ಷಗಳ ಹಿಂದೆ ಆರ್‌ಎನ್‌ಎ ಎಂಬ ಸರಪಳಿಯಂಥ ಅಣುವೊಂದು ಯಾರ ನೆರವೂ ಇಲ್ಲದೆ ತನ್ನ ನಕಲನ್ನು ತಾನೇ ಮಾಡಿಕೊಂಡಿರಬಹುದು. ಜೀವ ಮೊದಲಾದದ್ದು ಹಾಗೆಯೇ ಇರಬಹುದು. ಈ ಬೆರಗನ್ನು ಕುರಿತು ಪುಸ್ತಕ ಬರೆಯುತ್ತಿದ್ದೇನೆ.

"ಕನ್ನಡದಲ್ಲಿ ಯಾರಿಗೂ ಅರ್ಥ ಆಗಲ್ಲ ಕಣೋ, ಬಿಟ್ಟಾಕು," ಎಂದ ರಸಾಯನಶಾಸ್ತ್ರ ಕಲಿಸುವ ಗೆಳೆಯ. ಮೂರು ಊರುಗಳಲ್ಲಿ ಇದನ್ನು ವಿವರಿಸುತ್ತೇನೆ, ಕೇಳಿದವರಲ್ಲಿ ಒಬ್ಬರಾದರೂ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಬರೆಯುತ್ತೇನೆ, ಇಲ್ಲವಾದರೆ ಹಸ್ತಪ್ರತಿಯನ್ನು ಅಟ್ಟಕ್ಕೆ ಹಾಕುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಹೊರಟೆ.

ಗೌರಿಬಿದನೂರು

ಗ್ರಂಥಾಲಯದಲ್ಲಿ ನಿವೃತ್ತ ಗುಮಾಸ್ತರೊಬ್ಬರು ತದೇಕಚಿತ್ತದಿಂದ ಕೇಳಿ ಎದ್ದು ನಿಂತರು. ನನ್ನ ಎದೆ ಅರಳಿತು.

"ತನ್ನ ನಕಲು ತಾನೇ ಮಾಡ್ಕೊಂತು ಅಂದ್ರಿ. ದೃಢೀಕರಿಸಿ ಸಹಿ ಹಾಕ್ದೋರು ಯಾರು?"

"ಆಗ ಯಾರೂ ಹುಟ್ಟೇ ಇರಲಿಲ್ಲ, ಸಾರ್."

"ಹಂಗಾದ್ರೆ ಆ ನಕಲು ನಡಿಯಲ್ಲ ಬಿಡಿ," ಎಂದು ಕೂತರು.

ಶಿಡ್ಲಘಟ್ಟದ ಬಳಿ

ರೇಷ್ಮೆ ಬೆಳೆಗಾರರ ಹಳ್ಳಿ. ನನ್ನ ಮಾತಿನ ಆದಿಮ ಕೊಳದಲ್ಲಿ ಅಣುವಿನ ಮೊದಲ ನಕಲು ಇನ್ನೇನು ಮೂಡಬೇಕು, ಸಭೆಯೇ ಎದ್ದು ನಿಂತಿತು. ಅದು ಗೌರವವಲ್ಲ; ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು, ಸೊಪ್ಪು ಹಾಕಬೇಕಿತ್ತು. ಹಿರಿಯರೊಬ್ಬರು ಹೆಗಲು ತಟ್ಟಿ ಸಮಾಧಾನ ಹೇಳಿದರು: "ನಿಮ್ಮ ಅಣು ಕೋಟಿ ವರ್ಷ ಕಾದೈತೆ, ನಾಳೆಗಂಟ ಕಾಯ್ತದೆ. ಹುಳ ಕಾಯಲ್ಲ ಸ್ವಾಮಿ."

ಮಂಡಿಕಲ್ಲು

ಇದು ಕೊನೆಯ ಆಸೆ. ಮುಸ್ಸಂಜೆಯ ಹೊತ್ತಿಗೆ ನಾನು ಮಾತಾಡುತ್ತಿದ್ದ ಮನೆಯ ಜಗುಲಿಯ ಮೇಲೆ ಉಳಿದವಳು ಆ ಮನೆಯ ಅಜ್ಜಿಯೊಬ್ಬಳೇ. ಸೋತ ದನಿಯಲ್ಲೇ ಅವಳಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಎದ್ದು ದೀಪ ಹಚ್ಚಿ ಬಂದು ಕೂತಳು.

"ಅಂದ್ರೆ, ಮೊದಲನೇ ಸಲ ಯಾರೂ ಹೆಪ್ಪು ಹಾಕ್ದೆ ಹಾಲು ತಾನೇ ಮೊಸರಾಯ್ತು. ಅದ್ರಿಂದ ಚೂರು ತಗೊಂಡು ಇನ್ನೊಂದು, ಅದ್ರಿಂದ ಮತ್ತೊಂದು. ಇವತ್ತು ಎಲ್ಲಾರ ಮನೇಲಿರೋದೂ ಅದೇ ಹೆಪ್ಪು. ಅಷ್ಟೇ ತಾನೇ?"

ನನ್ನ ಕಣ್ಣು ತುಂಬಿ ಬಂತು. "ಅಷ್ಟೇ ಅಜ್ಜಿ, ಅಷ್ಟೇ!" ಗೆಳೆಯನಿಗೆ ಸಾಕ್ಷಿ ಬೇಕಲ್ಲ, ಫೋನು ತೆಗೆದು ರೆಕಾರ್ಡಿಂಗ್ ಒತ್ತಿದೆ. "ಇನ್ನೊಂದು ಸಲ ಹೇಳಿ ಅಜ್ಜಿ."

ಅಜ್ಜಿ ನನ್ನ ಒದ್ದೆ ಕಣ್ಣುಗಳನ್ನು ಕನಿಕರದಿಂದ ನೋಡಿದಳು. ಫೋನಿನಲ್ಲಿ ದಾಖಲಾದದ್ದು ಇಷ್ಟು:

"ಅಳಬೇಡ ಕಣಪ್ಪ. ಮನೇಲಿ ಮೊಸರಿಲ್ಲ ಅಂತ ನೆಟ್ಟಗೆ ಕೇಳೋದು ಬಿಟ್ಟು ಇಷ್ಟೊಂದು ಸುತ್ತಿ ಬಳಸಬೇಕಾ? ದೀಪ ಹಚ್ಚಾಯ್ತು, ಈಗ ಹೆಪ್ಪು ಕೊಡಂಗಿಲ್ಲ. ಬೆಳಿಗ್ಗೆ ಲೋಟ ತಗೊಂಡ್ ಬಾ."