ಬಂಡೂನ ಉಪ್ಪಿನ ಸೀಸೆ

ಒಂದು ಸೀಸೆ ಉಪ್ಪಿನಿಂದಲೂ ಮನುಷ್ಯನ ಮಾನ ಹೋಗಬಹುದೆಂದು, ಕಲಬುರಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಬಂಡೂನಿಗೆ ೨೦೦೭ರ ಆ ಶನಿವಾರದವರೆಗೂ ಗೊತ್ತಿರಲಿಲ್ಲ.

ಇದು ಸಾರಿಗೆ ಹಾಕುವ ಉಪ್ಪಲ್ಲ. ಜೇನಿನ ಹಾಗೆ ದ್ರವವಾಗಿಯೇ ಇರುವ, ಕುದಿಯದ, ವಾಸನೆಯಿಲ್ಲದ ಉಪ್ಪು. ಅದನ್ನು ಉಕ್ಕಿನ ಪಾತ್ರೆಗೆ ಹಾಕಿ, ಫ್ರಿಜ್ಜಿಗೆ ತುಂಬುವ ಗ್ಯಾಸನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಎರಡು ಪದರ ಯಾವಾಗ ಒಂದಾಗುತ್ತವೆಂದು ದಪ್ಪ ಗಾಜಿನ ಕಿಂಡಿಯಲ್ಲಿ ನೋಡುವುದೇ ಅವನ ಪಿಎಚ್‌.ಡಿ. ವರ್ಷವಿಡೀ ಕಾದ ಮೇಲೆ ಉಪ್ಪು ಪುಣೆಯಿಂದ ಬಂದಿತ್ತು. ಸೋಮವಾರ ಗೈಡು ಬಂದು ಪ್ರಯೋಗ ನೋಡುವವರಿದ್ದರು, ಆಗಲಿಲ್ಲವೆಂದರೆ ಪಿಎಚ್‌.ಡಿ.ಗೆ ಎಳ್ಳುನೀರು. ಅಲ್ಲಿಯವರೆಗೆ ಸೀಸೆಯ ಬೂಚ ತೆಗೆಯುವಂತಿಲ್ಲ, ಗಾಳಿಯ ತೇವ ತಗುಲಿದರೆ ಕೆಟ್ಟುಹೋಗುತ್ತದೆ.

ಸ್ಟಾಫ್ ರೂಮಿನಲ್ಲಿ ಗುರುಲಿಂಗಪ್ಪ ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದರು.

“ಏನ್ರೀ ಬಂಡೂರಾವ್, ಎಷ್ಟು ವರ್ಷದ್ದು ಮಾಲು ಇದು?”

“ಉಪ್ಪು ಅದರೀ ಸರ್.”

“ಉಪ್ಪು ಹಿಂಗ ಅಳ್ಳಾಡ್ತದೇನ್ರೀ? ಬೂಚ ತೆಗೀರಿ, ಮೂಸಿ ನೋಡ್ತೀನಿ.”

“ತೆಗೀಲಿಕ್ಕ ಬರಂಗಿಲ್ರೀ!”

ತೆಗೆಯುವುದಿಲ್ಲವೆಂದರೆ ದಾರೂ ಎಂದೇ ಅರ್ಥ. ಸುದ್ದಿ ಪ್ರಿನ್ಸಿಪಾಲರ ಕೋಣೆಗೆ ಹೋಯಿತು. “ನಿಮ್ಮ ಗೈಡ್ ಬಂದು ಹೇಳೋತನಕ ಇದು ಕಾಲೇಜಿನ್ಯಾಗ ಇರಬಾರದು,” ಎಂದು ಅಪ್ಪಣೆಯಾಯಿತು.

ಬಂಡು ಸೀಸೆಯನ್ನು ಎದೆಗವಚಿಕೊಂಡು ತನ್ನೂರು ಕಮಲಾಪುರದ ಬಸ್ಸು ಹತ್ತಿದ. ಪಕ್ಕದಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರಿ ಭೀಮಶಾ. ಮಹಾಗಾಂವ ದಾಟುವವರೆಗೂ ಅವನ ಕಣ್ಣು ಸೀಸೆಯ ಮೇಲೇ.

“ಕಾಯಿ ಒಂದ ದಿನದಾಗ ಹಣ್ಣ ಮಾಡೋ ಔಷಧ ಅಲ್ರೀ ಇದು?”

“ಅಲ್ಲಪಾ, ಉಪ್ಪು.”

“ಉಪ್ಪು ಇದ್ರ ಹಿಂಗ್ಯಾಕ ಮುಚ್ಚಿಡ್ಲಕತ್ತೀರಿ?”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬಂಡು ಗಾಬರಿಯಾಗಿ, “ತಪ್ಪು ತಿಳೀಬ್ಯಾಡ್ರೀ! ಇದರಾಗ ಗ್ಯಾಸ್ ತುಂಬಿ ಪ್ರೆಷರ್ ಏರಸ್ತೀವಿ, ಅಷ್ಟೇ!” ಎಂದ. ನಿಜ ಹೇಳಿದ್ದೇ ತಪ್ಪಾಯಿತು. ಸುತ್ತಲಿನ ಸೀಟುಗಳು ಖಾಲಿಯಾದವು. ಊರು ಇನ್ನೂ ದೂರವಿರುವಾಗಲೇ ಕಂಡಕ್ಟರ್ ಮೈಬೂಬ ಸೀಟಿ ಊದಿ, “ಇಳೀರಿ ಸರ್, ನಡಕೋತ ಹೋಗ್ರಿ, ಆರೋಗ್ಯಕ್ಕ ಚೊಲೋ,” ಎಂದ.

ಬೆವರು ಸುರಿಸುತ್ತ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅದೇ ಬಸ್ಸಿನಲ್ಲಿ ಬಂದಿಳಿದಿತ್ತು. ಓಣಿಯವರೆಲ್ಲ ಕಟ್ಟೆಯ ಮೇಲೆ ನಿಂತು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದರು. ಬಾಗಿಲಲ್ಲಿ ತಾಯಿ ಪಾರ್ವತೀಬಾಯಿ.

“ಅವ್ವಾ, ನೀನರೆ ನಂಬು. ಇದು ಉಪ್ಪು, ಬರೇ ಉಪ್ಪು!”

“ನೀ ಹೇಳಿದ ಮ್ಯಾಲ ಮುಗೀತಪಾ. ನನ್ನ ಮಗ ಸುಳ್ಳು ಹೇಳಂಗಿಲ್ಲ. ಆದ್ರ ಉಪ್ಪು ಕೈಯಾಗ ಕೊಡಬಾರದು, ಕೆಳಗ ಇಡು.”

ಇಡೀ ದಿನದಲ್ಲಿ ಅವನನ್ನು ನಂಬಿದ ಒಂದೇ ಜೀವ. ಬಂಡೂನ ಕಣ್ಣು ತುಂಬಿ ಬಂತು. ಸೀಸೆಯನ್ನು ನೆಲಕ್ಕಿಟ್ಟು, ಕಾಲು ತೊಳೆದು ಬಂದು, ಕಂಬಕ್ಕೊರಗಿ ಕಣ್ಣು ಮುಚ್ಚಿದ. ತಲೆಯ ಸುತ್ತ ಏನೋ ಸುಳಿದಾಡಿತು. “ಕಾಲೇಜಿನವರ ಕಣ್ಣು, ಬಸ್ಸಿನವರ ಕಣ್ಣು, ಓಣಿಯವರ ಕಣ್ಣು…” ಅವ್ವ ದೃಷ್ಟಿ ತೆಗೆಯುತ್ತಿದ್ದಳು. ಚಿಕ್ಕಂದಿನಂತೆಯೇ ಹಿತವಾಗಿತ್ತು.

ಕಣ್ಣು ತೆರೆದಾಗ ಅವಳು ಬಚ್ಚಲ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಬರಿದಾದ ಸೀಸೆ.

“ನೆದರು ತಗದ ಉಪ್ಪು ಒಲ್ಯಾಗ ಹಾಕಿದ್ರ ಒಂದ ಸಲನರೆ ಚಟ್ ಅನಬೇಕಿಲ್ಲ?” ಎಂದಳು ಚಿಂತೆಯಿಂದ. “ಉಪ್ಪಿನ ಸಪ್ಪಳಾನೂ ನುಂಗೋವಂಥ ನೆದರು ಆಗ್ಯಾದ ನಿನಗ! ಸೋಮವಾರ ಇನ್ನೊಂದು ಸೀಸಾ ತಗೊಂಡ್ ಬಾ ಬಂಡೂ.”