ಮಾಸ್ತರನ ಹನ್ನೊಂದು ಹುಳ

ರವಿವಾರ ಮುಂಜಾನೆ ಕಸ್ತೂರೆವ್ವನ ರೊಟ್ಟಿ ಹಿಟ್ಟಿನ ಮೇಲೆ ಮಾಳಿಗೆಯಿಂದ ಚಿಟಿಕೆಯಷ್ಟು ಕಟ್ಟಿಗೆಪುಡಿ ಉದುರಿತು. ತಲೆಯೆತ್ತಿ ನೋಡಿದರೆ ಜಂತಿಯೊಳಗೆ ಏನೋ ಕರಕರ ಕಡಿಯುತ್ತಿತ್ತು. ಆಕೆಯ ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ಹೋಗಿ ಬಾಡಿಗೆಯವನ ಕದ ಬಡಿದಳು.

“ಮಾಸ್ತರ್ರ, ನಿಮ್ಮ ಹುಳ ನನ್ನ ಜಂತಿ ತಿನ್ನಾಕತ್ತಾವ. ಟ್ರಂಕ್ ತಗೊಂಡು ಇವತ್ತ ಮನಿ ಖಾಲಿ ಮಾಡ್ರಿ.”

ವಿಜ್ಞಾನದ ಮಾಸ್ತರ ಚೇತನಕುಮಾರ ಆಗ ಅದೇ ಟ್ರಂಕಿಗೆ ನೀರು ಚಿಮುಕಿಸುತ್ತಿದ್ದ. ಬಾಗೇವಾಡಿಯಲ್ಲಿ ಜನ ಎಮ್ಮೆ ಸಾಕುತ್ತಾರೆ, ಕೋಳಿ ಸಾಕುತ್ತಾರೆ. ಈ ಪುಣ್ಯಾತ್ಮ ಕಟ್ಟಿಗೆ ಕೊರೆಯುವ ದುಂಬಿಯ ಮರಿಗಳನ್ನು ಸಾಕಿದ್ದ. ಜಾಲಿಯ ಕೊರಡು, ಸುತ್ತ ಕಟ್ಟಿಗೆಪುಡಿ, ಒಳಗೆ ಬೆಣ್ಣೆ ಬಣ್ಣದ ಹನ್ನೊಂದು ಹುಳ. ಇವನ್ನು ಬಿಜಾಪುರದ ವಿಜ್ಞಾನ ಪ್ರದರ್ಶನಕ್ಕೆ ಒಯ್ಯುವ ಮೊದಲು ಸಾಲೆಯ ಚೇರಮನ್ ಬಸಂತರಾಯರು ಖುದ್ದು ನೋಡಲು ಬರುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ. ಮೂರು ವರ್ಷದಿಂದ ಆತ ಜೀವ ಹಿಡಿದು ಕಾಯುತ್ತಿದ್ದುದು ಅದೊಂದಕ್ಕೇ.

“ಆಯಿ, ನನ್ನ ಹುಳ ಟ್ರಂಕ್ ಬಿಟ್ಟು ಹೊರಗ ಬಂದಿಲ್ರಿ. ಬೇಕಾದ್ರ ಎಲ್ಲಾರ ಮುಂದ ತೋರಿಸ್ತೇನಿ.”

ಎಲ್ಲರೂ ಆಗಲೇ ಬಂದಿದ್ದರು. ಬಡಿಗ ದಸ್ತಗೀರಸಾಬ ಬಾಚಿ ಹಿಡಿದು ಬಂದ. ಹೋದ ವರ್ಷ ಆ ಜಂತಿ ಕೂಡಿಸಿದವನೇ ಆತ. ಓಣಿಯವರು ತಮ್ಮ ತಮ್ಮ ಕದ, ಮಂಚಗಳ ದೂರು ಹೊತ್ತು ತಂದರು. “ನಮ್ಮ ತೊಟ್ಟಲಕ್ಕೂ ತೂತ ಬಿದ್ದಾವ” ಎಂದಳೊಬ್ಬಳು. ಅಷ್ಟರಲ್ಲಿ ಬಸಂತರಾಯರ ಸ್ಕೂಟರ್ ಬಂದು ನಿಂತಿತು.

ಬೇರೆಯವನಾಗಿದ್ದರೆ ಬೆವೆತುಹೋಗುತ್ತಿದ್ದ. ಚೇತನಕುಮಾರನಿಗೆ ಹುರುಪೇ ಬಂತು. ಚೇರಮನ್ನರ ಎದುರಿಗೇ ಪಾಠ ಮಾಡುವ ಯೋಗ ಯಾವ ಮಾಸ್ತರನಿಗೆ ಸಿಕ್ಕೀತು? ಕೊರಡು ಸೀಳಿ ಹುಳಗಳನ್ನು ಅಗಲ ತಾಟಿನಂಥ ಪರಾತಕ್ಕೆ ಸುರುವಿ, ಕಸ್ತೂರೆವ್ವನಿಂದಲೇ ಎಣಿಕೆ ಮಾಡಿಸಿದ. ಹನ್ನೊಂದು. ಹುಳಗಳ ಲೆಕ್ಕ ಬರೆದು ಹೆಡ್‌ಮಾಸ್ತರರ ಸಹಿ ಹಾಕಿಸಿದ್ದ ವಹಿಯಲ್ಲೂ ಹನ್ನೊಂದು.

ದಸ್ತಗೀರಸಾಬ ಜಂತಿ ಕೆತ್ತಿ ಹೆಬ್ಬೆರಳು ದಪ್ಪದ ಹುಳವೊಂದನ್ನು ಕೆಡವಿದ.

“ಇದು ಇಷ್ಟ ದಪ್ಪ ಆಗಬೇಕಂದ್ರ ಎರಡು ವರ್ಷ ಬೇಕ್ರಿ,” ಎಂದ ಮಾಸ್ತರ, ದನಿ ಏರಿಸಿ. “ನಾ ಈ ಮನಿಗೆ ಬಂದು ಆರು ತಿಂಗಳಾತು. ಜಂತಿ ಕೂಡಿಸಿ ಒಂದು ವರ್ಷ. ಅಂದಮ್ಯಾಲ ಕಟಗಿ ತರೂ ಮುಂದನ ಹುಳ ಒಳಗಿತ್ತು. ತಪ್ಪು ಮಾರಿದಾಂವಂದು. ಹುಳಕ ಮಾಲು ಕೊಟ್ಟು ಮಂದೀನ ಮೋಸ ಮಾಡ್ಯಾನ. ಹೋಗಿ ಅವನ ಕೊಳ್ಳಪಟ್ಟಿ ಹಿಡೀರಿ.”

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡು ಬಸಂತರಾಯರ ಮುಂದೆ ಹೋಗಿ ನಿಂತಳು.

“ಮಾಸ್ತರು ಹೇಳಿದ್ದು ಕೇಳಿದ್ರೆಲ್ಲ ರಾಯರ? ಜಂತಿ ನಿಮ್ಮ ಕಟಗಿ ಅಡ್ಡಾದಾಗಿಂದು. ಬದಲಿ ಯಾವಾಗ ಕೊಡ್ತೀರಿ?”

“ತೊಟ್ಟಲಾನೂ ಅಲ್ಲಿಂದರಿ,” ಎಂದಿತು ಹಿಂದಿನಿಂದ ಒಂದು ದನಿ.

ಆ ಕಟ್ಟಿಗೆ ಮಾರುವ ಅಡ್ಡೆ ಬಸಂತರಾಯರದೆಂದು ಮಾಸ್ತರನಿಗೂ ಗೊತ್ತಿತ್ತು. ಪಾಠದ ಭರದಲ್ಲಿ ನೆನಪೇ ಆಗಿರಲಿಲ್ಲ.

ಬಸಂತರಾಯರು ಎಲ್ಲರಿಗೂ ಬದಲಿ ಕಟ್ಟಿಗೆ ಕೊಡಲು ಒಪ್ಪಿದರು. ಪರಾತದೊಳಗಿನ ಹುಳಗಳನ್ನು ಸಾವಕಾಶ ನೋಡಿ, ಮಾಸ್ತರನ ಬೆನ್ನು ತಟ್ಟಿದರು.

“ಭಾಳ ಚಲೋ ಸಾಕೀರಿ ಮಾಸ್ತರ್ರ. ನಾಳಿಂದ ಸಾಲಿಗೆ ಬರೂದು ಬ್ಯಾಡ. ಇವನ್ನ ನೋಡಕೋತ ಮನ್ಯಾಗ ಇರ್ರಿ.”